ಮೂರು ಮೊಳ ಕಾಕಂಬಿ

ತಾವರಗೇರಾದ ನಮ್ಮ ತವರುಮನೆಯಲ್ಲಿ ಎಣ್ಣೆ ಗಾಣವಿತ್ತು. ಎತ್ತು ಸುತ್ತುತ್ತಿತ್ತು, ಅಪ್ಪ ಕುಸುಬೆ ಸುರಿಯುತ್ತಿದ್ದ, ಅವ್ವ ಹಿಂಡಿ ತೆಗೆಯುತ್ತಿದ್ದಳು, ನಾನು ಎಣ್ಣೆ ಹೊರುತ್ತಿದ್ದೆ. ಅಣ್ಣತಮ್ಮಂದಿರು ಇರಲಿಲ್ಲವಾದ್ದರಿಂದ ಓಣಿ ಓಣಿಗೆ ಎಣ್ಣೆ ಮುಟ್ಟಿಸುವುದು ನನ್ನ ಪಾಲಿಗೆ ಬಂದಿತ್ತು. ಮನೆಯಲ್ಲಿ ಒಂದೇ ಅಳತೆಯ ಎರಡು ತಾಮ್ರದ ಕೊಡಗಳಿದ್ದವು, ಒಂದು ನೀರಿಗೆ, ಇನ್ನೊಂದು ಎಣ್ಣೆಗೆ. ಬೆಳಿಗ್ಗೆ ಬಾವಿಯಿಂದ ನೀರು ತರುವಾಗ ಕುತ್ತಿಗೆ ಎಷ್ಟು ಜಗ್ಗುತ್ತಿತ್ತೋ, ಬಿಸಿಲೇರಿದ ಮೇಲೆ ಎಣ್ಣೆಯ ಕೊಡ ಹೊತ್ತಾಗ ಅಷ್ಟು ಜಗ್ಗುತ್ತಿರಲಿಲ್ಲ. ಕಣ್ಣು ಕಟ್ಟಿ ತಲೆಯ ಮೇಲೆ ಇಟ್ಟರೂ ಇದು ನೀರು, ಇದು ಎಣ್ಣೆ ಎಂದು ಹೇಳಿಬಿಡುತ್ತಿದ್ದೆ. ಗೆಳತಿಯರು ಹಾಗೆ ಪರೀಕ್ಷೆ ಮಾಡಿ ನಕ್ಕದ್ದೂ ಉಂಟು. ಅದೊಂದು ತಿಳಿವಳಿಕೆ ಎಂದು ನನಗೆ ಆಗ ಹೊಳೆದಿರಲಿಲ್ಲ. ಎಣ್ಣೆ ಹಗುರ, ನೀರು ಭಾರ, ಅಷ್ಟೇ.

ಮದುವೆಯಾದಾಗ ನನಗೆ ಹದಿನೆಂಟು ತುಂಬಿತ್ತು. ಆ ಕಾಲಕ್ಕೆ ಅದು ತಡವೇ. ಗಂಗಾವತಿಯ ತಗಡಿನ ಕೆಲಸದವರ ಮನೆಯಿಂದ ಸಂಬಂಧ ಬಂತು. ಅವರು ಡಬ್ಬಿ, ಲಾಳಿಕೆ, ಚಿಮಣಿ, ಎಣ್ಣೆ ಅಳೆಯುವ ಮಾಪು ಇಂಥವನ್ನೆಲ್ಲ ಮಾಡುತ್ತಿದ್ದರು. "ಎಣ್ಣಿ ಮನಿ ಹುಡುಗಿ, ಡಬ್ಬಿ ಮನಿ ಹುಡುಗ. ಇನ್ನೇನು ಬೇಕು?" ಎಂದು ನಡುವಿನವರು ಹೇಳಿದರು. ಅಪ್ಪನಿಗೂ ಅದು ಸರಿ ಕಂಡಿತು. ದೊಡ್ಡ ಲಡಾಯಿ ನಡೆದಿದ್ದ ವರ್ಷಗಳು ಅವು. ಲಡಾಯಿ ಎಲ್ಲಿ, ಯಾರ ನಡುವೆ ಎಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೊಸ ತಗಡು ಸಿಗುವುದಿಲ್ಲ ಎನ್ನುವುದು ಮಾತ್ರ ಗಂಡನ ಮನೆಗೆ ಕಾಲಿಟ್ಟ ವಾರದಲ್ಲೇ ನನಗೆ ಗೊತ್ತಾಯಿತು.

ಒಣ ಸೀಮೆಯಿಂದ ಬಂದ ನನಗೆ ಗಂಗಾವತಿ ಬೇರೆಯದೇ ಲೋಕವಾಗಿ ಕಂಡಿತು. ಹೊಳೆಯಿಂದ ಬರುವ ಹಳೆಯ ಕಾಲುವೆಗಳು, ಅವುಗಳ ಗುಂಟ ಭತ್ತ, ಕಬ್ಬು, ಬಾಳೆ. ಮೊದಲ ದಿನ ಕಾಲುವೆಯ ಮೆಟ್ಟಿಲಲ್ಲಿ ಕೂತು ಸುಮ್ಮನೆ ನೀರು ಹರಿಯುವುದನ್ನು ನೋಡುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಏನ ಕಳಕೊಂಡೀ ತಂಗೀ?" ಎಂದು ಕೇಳಿದಳು. "ಏನಿಲ್ರಿ, ಇಷ್ಟು ನೀರು ಖಾಲಿ ಹೊಂಟೈತಲ್ಲ ಅಂತ ನೋಡಾಕತ್ತೀನಿ" ಎಂದೆ. ಆಕೆ ನಕ್ಕದ್ದು ಆಚೆ ದಂಡೆಗೂ ಕೇಳಿಸಿರಬೇಕು.

ಮನೆಯಲ್ಲಿ ಮಾವ ಮತ್ತು ನನ್ನ ಗಂಡ ಇಬ್ಬರೇ. ಅತ್ತೆ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಇಬ್ಬರು ಗಂಡಸರೂ ಸುತ್ತಿಗೆಯ ಸದ್ದಿನಲ್ಲೇ ಮಾತಾಡಿಕೊಳ್ಳುತ್ತಿದ್ದರು ಎನ್ನಬೇಕು. ಗಂಡನದು ಹುಟ್ಟಿನಿಂದಲೇ ಮಾತು ಕಡಿಮೆ. ಮಾವ ಹಾಗಲ್ಲ, ಮಾತು ಬರುತ್ತಿತ್ತು, ಆದರೆ ಒಂದೇ ವಿಷಯಕ್ಕೆ ಬರುತ್ತಿತ್ತು. ಅದು ಅವರ ಬೆಸುಗೆ. ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳನ್ನು ಬಿಚ್ಚಿ, ತಟ್ಟಿ ಚಪ್ಪಟೆ ಮಾಡಿ, ಅಂಚಿಗೆ ಅಂಚು ಮಡಚಿ, ಬೆಸುಗೆ ಹಿಡಿಯಲೆಂದು ನವಸಾಗರ ಉಜ್ಜಿ, ಕಾದ ಕಬ್ಬಿಣದಿಂದ ತವರ ಹರಿಸಿ ಅವರು ಜೋಡಿಸಿದರೆ ಬೆರಳು ಆಡಿಸಿದರೂ ಕೂಡಿದ ಗೆರೆ ಸಿಗುತ್ತಿರಲಿಲ್ಲ. ಬಿಳಿ ಮೀಸೆಯನ್ನು ಒಮ್ಮೆ ತೀಡಿ, "ನನ್ನ ಬೆಸುಗಿ ಇವತ್ತಿನತನಕ ಸೋರಿಲ್ಲ" ಎನ್ನುತ್ತಿದ್ದರು. ಅದು ಖರೆಯೂ ಆಗಿತ್ತು. ಯಾವುದೇ ಡಬ್ಬಿಯಾಗಲಿ, ಮಾಡಿದ ಮೇಲೆ ಕಂಠಮಟ್ಟ ನೀರು ತುಂಬಿ ಒಂದು ಹಗಲು ಒಂದು ರಾತ್ರಿ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಕೆಳಗೆ ಬೂದಿ ಹರಡಿರುತ್ತಿದ್ದರು. ಬೂದಿಯ ಮೇಲೆ ಒಂದು ಹನಿ ಕಂಡರೂ ಆ ಡಬ್ಬಿ ಮತ್ತೆ ಬೆಂಕಿಯ ಬುಡಕ್ಕೆ ಹೋಗಬೇಕು.

ಆ ಮನೆಯ ಹೆಮ್ಮೆಯ ಕೆಲಸ ಎಂದರೆ ಪೇಟೆಯ ಒಂದು ಎಣ್ಣೆ ಅಂಗಡಿಗೆ ಮಾಡಿಕೊಟ್ಟ ಟಾಕಿ. ಮೂರು ಮೊಳ ಎತ್ತರ, ತೋಳಿನಲ್ಲಿ ಅಪ್ಪಿಕೊಳ್ಳುವಷ್ಟು ದುಂಡಗೆ, ಬುಡದಲ್ಲಿ ಹಿತ್ತಾಳೆಯ ನಳ. ಅಂಗಡಿಯವನು ಶೇಂಗಾ ಎಣ್ಣೆ ತುಂಬಿ ನಳ ತಿರುವಿ ಕೊಡುವುದನ್ನು ನೋಡಲೆಂದೇ ಹಳ್ಳಿಗಳಿಂದ ಬಂದವರು ನಿಲ್ಲುತ್ತಿದ್ದರು. ಎರಡು ವರ್ಷವಾದರೂ ಒಂದು ಹನಿ ಸೋರಿರಲಿಲ್ಲ.

ನಾನು ಬಂದ ವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ನಮ್ಮ ಮನೆಯ ಮುಂದೆ ಒಂದು ಬಂಡಿ ನಿಂತಿತು. ಇಳಿದವಳು ನಡುವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು. ಕಚ್ಚೆ ಹಾಕಿ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಬಾರುಕೋಲು. ಬಂಡಿಯನ್ನು ಆಕೆಯೇ ಹೊಡೆದುಕೊಂಡು ಬಂದಿದ್ದಳು. ಆನೆಗೊಂದಿಯ ಕಡೆಗೆ ಹೋಗುವ ಕಾಲುವೆಯ ಗುಂಟ ಆಕೆಯ ಕಬ್ಬಿನ ಗದ್ದೆ, ಗದ್ದೆಯ ಮೂಲೆಯಲ್ಲಿ ಆಲೆಮನೆ. ಗಂಡ ಹೋದ ಮೇಲೆ ಎಲ್ಲವನ್ನೂ ಆಕೆಯೇ ನಡೆಸುತ್ತಿದ್ದಳು. ಎಲ್ಲರೂ ಆಕೆಯನ್ನು ಗೌಡತಿ ಎನ್ನುತ್ತಿದ್ದರು.

"ನನಗೊಂದು ಟಾಕಿ ಬೇಕ್ರಿ," ಎಂದು ಕಟ್ಟೆಯ ಮೇಲೆ ಕೂತಳು. "ಆ ಎಣ್ಣಿ ಅಂಗಡ್ಯಾಗ ಐತಲ್ಲ, ಹಂಗಂದ್ರ ಹಂಗ. ಅದರಾಗ ಕಾಕಂಬಿ ತುಂಬಾಕಿ ನಾನು."

ಕಬ್ಬಿನ ಹಾಲನ್ನು ಕಾಯಿಸುತ್ತ ಹೋದರೆ ಬೆಲ್ಲ ಗಟ್ಟಿಯಾಗುವ ಮೊದಲು ಜೇನಿನಂಥ ಪಾಕ ಬರುತ್ತದಲ್ಲ, ಅದೇ ಕಾಕಂಬಿ. ರೊಟ್ಟಿಯ ಮೇಲೆ ಸುರಿದುಕೊಂಡು ತಿಂದರೆ ಮಾತು ನಿಂತುಹೋಗುತ್ತದೆ. ಗೌಡತಿ ಅದನ್ನು ಸಾಲು ಗಡಿಗೆಗಳಲ್ಲಿ ಇಡುತ್ತಿದ್ದಳಂತೆ. "ಗಡಿಗಿ ಬಾಯಿಗೆ ಅರಿವಿ ಕಟ್ಟಿದ್ರೂ ಇರಿವಿ ಬಿಡವಲ್ವು. ಬಂದವರು ಹೋದವರು ಕೈ ಅದ್ದತಾರ. ನಳ ಇದ್ರ ತಿರುವಿದ್ರಾತು, ಬಂದ್ ಮಾಡಿದ್ರಾತು."

ಮಾವ ಮೀಸೆಯ ಮೇಲೆ ಕೈಯಾಡಿಸಿದರು. "ಎಣ್ಣಿಗಿಂತ ಕಾಕಂಬಿ ದಪ್ಪ. ಎಣ್ಣೀನ ಸೋರಂಗಿಲ್ಲ ಅಂದಮ್ಯಾಲ ಕಾಕಂಬಿ ಎಲ್ಲಿ ಸೋರತೈತ್ರಿ?"

ಹತ್ತು ದಿನ ತಂದೆ ಮಗ ಕೂತು ಕೆಲಸ ಮಾಡಿದರು. ಅದೇ ಮೂರು ಮೊಳ, ಅದೇ ದುಂಡು. ನಳದ ಬಾಯಿಯನ್ನಷ್ಟೇ ಹೆಬ್ಬೆರಳು ಹೋಗುವಷ್ಟು ಅಗಲ ಮಾಡಿದರು. ಅಂಗಳದಲ್ಲಿ ನಿಲ್ಲಿಸಿದಾಗ ನಾನೇ ಕಾಲುವೆಯಿಂದ ಕೊಡಗಟ್ಟಲೆ ನೀರು ತಂದು ತುಂಬಿದೆ. ಮರುದಿನ ಮುಂಜಾನೆ ಬೂದಿ ಹಾಸಿದಂತೆಯೇ ಇತ್ತು. ಟಾಕಿ ಗೌಡತಿಯ ಬಂಡಿ ಏರಿ ಹೋಯಿತು.

ನಾಲ್ಕನೆಯ ದಿನ ಬಂಡಿ ಮತ್ತೆ ಬಂತು. ಈ ಸಲ ಗೌಡತಿ ಕಟ್ಟೆಯ ಮೇಲೆ ಕೂರಲಿಲ್ಲ. ಸೀರೆಯ ಅಂಚು ಮೊಣಕಾಲಿನವರೆಗೆ ಒಣಗಿ ಹಪ್ಪಳದಂತೆ ಸೆಟೆದಿತ್ತು. ಹೆಜ್ಜೆ ಇಟ್ಟರೆ ಕಟಕಟ ಎನ್ನುತ್ತಿತ್ತು.

"ಬರ್ರಿ," ಎಂದಳು ಮಾವನಿಗೆ. "ನಿಮ್ಮ ಬೆಸುಗಿ ಬಂದು ನೋಡಬರ್ರಿ."

ಮಾವ ಬಂಡಿ ಹತ್ತಿದರು, ಗಂಡನೂ ಹತ್ತಿದ. ಅಂಥ ದಿನ ಮನೆಯಲ್ಲಿ ಕೂರಲು ನನ್ನಿಂದಾಗಲಿಲ್ಲ. "ನಾನೂ ಬರ್ತೀನ್ರಿ" ಎಂದೆ. ಗೌಡತಿ, "ಬಾ ತಂಗೀ, ಸಾಕ್ಷಿಗೆ ಒಬ್ಬಾಕಿ ಇರಲಿ" ಎಂದು ಕೈಕೊಟ್ಟು ಎಳೆದುಕೊಂಡಳು.

ಆಲೆಮನೆಯ ಉಗ್ರಾಣ ಕಂಡಾಗ ನನಗೆ ನಗು ತಡೆಯುವುದೇ ಕಷ್ಟವಾಯಿತು. ಇಡೀ ನೆಲಕ್ಕೆ ಕಂದು ಬಣ್ಣದ ಹೊಳಪು ಬಂದಿತ್ತು. ಹೊಸ್ತಿಲು ದಾಟಿದ ಕಾಕಂಬಿ ಅಂಗಳದಲ್ಲಿ ಒಂದು ನಾಲಿಗೆಯಾಗಿ ಚಾಚಿಕೊಂಡಿತ್ತು. ಅದರ ಎರಡೂ ಬದಿಗೆ ಇರುವೆಗಳ ಸಾಲು, ಮೇಲೆ ಜೇನುನೊಣಗಳ ಗುಂಯ್ ಎನ್ನುವ ಮೋಡ. ಒಂದು ಕರು ನಾಲ್ಕೂ ಕಾಲು ಅಂಟಿಸಿಕೊಂಡು ನಿಂತು ನೆಕ್ಕುತ್ತಲೇ ಇತ್ತು. ಎಳೆದರೂ ಬರಲೊಲ್ಲದು. ಗೌಡತಿಯ ಆಳು ಒಂದು ಚಪ್ಪಲಿಯನ್ನು ನೆಲಕ್ಕೇ ಬಿಟ್ಟುಕೊಟ್ಟು ಒಂಟಿ ಚಪ್ಪಲಿಯಲ್ಲಿ ಓಡಾಡುತ್ತಿದ್ದ.

ಟಾಕಿ ಹಾಸುಗಲ್ಲಿನ ಮೇಲೆ ನೆಟ್ಟಗೇ ನಿಂತಿತ್ತು. ಬುಡದಿಂದ ಒಂದು ಗೇಣಿನ ಒಳಗೆ, ಬದಿಯಲ್ಲಿ, ಬೆಸುಗೆ ಬಾಯಿ ಬಿಟ್ಟಿತ್ತು. ಮಾವ ಮೊಣಕಾಲೂರಿ ಕೂತು ಆ ಬಿರುಕಿನ ಮೇಲೆ ಬೆರಳಾಡಿಸಿದರು. ಅವರ ಮುಖ ನೋಡಿ ನನ್ನ ನಗು ತಾನಾಗಿಯೇ ನಿಂತಿತು.

"ಬಿಸೀದು ಸುರದೀರೇನು?" ಎಂದು ಕೇಳಿದರು.

"ನಾನೇನು ಸಣ್ಣ ಕೂಸೇನ್ರಿ? ಎರಡು ದಿನ ಆರಸಿ ತುಂಬೀನಿ. ಬಿಸಿ ಇದ್ರೂ ಕಾಕಂಬಿ ಬಿಸಿಗೆ ತವರ ಕರಗತೈತೇನು?"

ಕರಗುವುದಿಲ್ಲ ಎಂದು ಮಾವನಿಗೂ ಗೊತ್ತಿತ್ತು.

"ಏನರ ಬಡೀತೇನು? ಕರು ಹಾದಿರಬೇಕು."

"ಕರು ಬಂದದ್ದು ಒಡದಮ್ಯಾಲ್ರಿ. ಕಂಠಮಟ ತುಂಬಿ ಬಾಗಿಲಾ ಹಾಕಿ ಹೋಗೀನಿ. ಮುಂಜಾನೆ ತಗದ್ರ ಬಾಗಿಲ ಸಂದ್ಯಾಗಿಂದ ಬರಾಕತ್ತಿತ್ತು."

ಟಾಕಿಯನ್ನು ಮನೆಗೆ ತಂದೆವು. ಬರುವಾಗ ಗೌಡತಿ, ಸಿಟ್ಟಿನಲ್ಲೇ ಇದ್ದರೂ, ಒಂದು ಗಡಿಗೆ ತುಂಬ ಕಾಕಂಬಿಯನ್ನು ನನ್ನ ಮಡಿಲಿಗೆ ಇಟ್ಟಳು. "ಹೊಸ ಸೊಸಿ ಮೊದಲನೇ ಸಲ ನಮ್ಮ ಅಂಗಳಕ್ಕ ಬಂದೀ, ಬರೇ ಕೈಲೆ ಹೆಂಗ ಕಳಸಲಿ?"

ಮಾವ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಬಿರುಕನ್ನು ಕೆರೆದು ಹೊಸದಾಗಿ ಬೆಸೆದರು. ಮತ್ತೆ ನಾನು ನೀರು ತಂದೆ, ಮತ್ತೆ ಬೂದಿ ಹರಡಿದರು. ಒಂದು ದಿನವಲ್ಲ, ಮೂರು ದಿನ ನಿಂತಿತು ಟಾಕಿ. ಬೂದಿ ಒಣಗಿಯೇ ಇತ್ತು.

"ನೋಡು," ಎಂದರು ಮಾವ, ಮಗನಿಗೆ. "ನನ್ನ ಕೆಲಸದಾಗ ಏನೂ ತಪ್ಪಿಲ್ಲ. ಆಕೀ ಕಾಕಂಬಿಯೊಳಗ ಏನೋ ಐತಿ."

ನಾನು ಆಗ ಒಳಗೆ ಅಡುಗೆಗೆ ಕೂತಿದ್ದೆ. ರೊಟ್ಟಿಗೆಂದು ಗೌಡತಿಯ ಗಡಿಗೆಯಿಂದ ಚರಗಿಯ ತುಂಬ ಕಾಕಂಬಿ ಬಗ್ಗಿಸಿಕೊಂಡಿದ್ದೆ. ಎತ್ತಲು ಹೋದರೆ ಕೈ ಕೆಳಗೆ ಇಳಿಯಿತು. ದಿನವೂ ನೀರು ತುಂಬಿ ಎತ್ತುವ ಚರಗಿಯೇ ಅದು, ಕೈ ಅಷ್ಟೇ ಭಾರಕ್ಕೆ ಸಿದ್ಧವಾಗಿತ್ತು, ಭಾರ ಮಾತ್ರ ಬೇರೆಯಾಗಿತ್ತು. ಕೆಳಗಿಟ್ಟೆ. ಮತ್ತೆ ಎತ್ತಿದೆ. ತಾವರಗೇರಾದ ಎರಡು ಕೊಡಗಳು ನನ್ನ ಕುತ್ತಿಗೆಗೆ ಒಮ್ಮೆಲೇ ನೆನಪಾದವು.

ಮಾವನ ಮುಂದೆ ಕೆಲಸದ ಮಾತು ನಾನು ಅದುವರೆಗೆ ಆಡಿರಲಿಲ್ಲ. ಆ ದಿನ ಎರಡು ಚರಗಿಗಳನ್ನು ಹಿಡಿದು ಅಂಗಳಕ್ಕೆ ಬಂದೆ. ಒಂದರಲ್ಲಿ ನೀರು, ಒಂದರಲ್ಲಿ ಕಾಕಂಬಿ.

"ಮಾವಾರ, ಇವೆರಡೂ ಎತ್ತಿ ನೋಡ್ರಿ."

"ಯಾಕ?"

"ನೋಡ್ರೆಲ್ಲ."

ಎತ್ತಿದರು. ಹುಬ್ಬು ಮೇಲೇರಿತು. ಮಗನ ಕೈಗೆ ಕೊಟ್ಟರು. ನಾನು ಹೇಳಿದೆ: "ಎಣ್ಣಿ ನೀರಿಗಿಂತ ಹಗರ್ರಿ. ನಾ ಹೊತ್ತಾಕಿ, ನನಗ ಗೊತ್ತೈತಿ. ನೀವು ನೀರು ತುಂಬಿ ನೋಡಿದ್ದು ಎಣ್ಣಿ ಟಾಕಿಗೆ ಬೇಕಾದಷ್ಟಾತು. ಭಾರದ್ದು ತಡದ ಟಾಕಿ ಹಗರಂದು ತಡೀತೈತಿ. ಆದ್ರ ಕಾಕಂಬಿ ನೀರಿಗಿಂತ ಭಾರ. ಅದಕ್ಕ ನೀರಿನ ಪರೀಕ್ಷಾ ಹೆಂಗ ಸಾಕಾಗ್ತೈತ್ರಿ?"

ಗಂಡ ಆಗಲೇ ಎದ್ದಿದ್ದ. ಒಂದೇ ಅಚ್ಚಿನ ಸಣ್ಣ ಡಬ್ಬಿಗಳನ್ನು ತಂದು, ಬಿದಿರ ಕೋಲಿನ ನಡುವಿಗೆ ದಾರ ಕಟ್ಟಿ ತೊಲೆಗೆ ತೂಗುಹಾಕಿದ. ಒಂದು ತುದಿಗೆ ಎಣ್ಣೆಯ ಡಬ್ಬಿ, ಇನ್ನೊಂದು ತುದಿಗೆ ನೀರಿನ ಡಬ್ಬಿ. ನೀರು ಕೆಳಗೆ ಬಂತು. ಎಣ್ಣೆ ತೆಗೆದು ಕಾಕಂಬಿ ಕಟ್ಟಿದ. ಈಗ ನೀರು ಮೇಲೆ ಹೋಯಿತು. ಡಬ್ಬಿಗಳನ್ನು ಒಂದೊಂದೇ ಹೆಚ್ಚಿಸುತ್ತ ಹೋಗಿ, ಕೋಲು ಸಮಕ್ಕೆ ನಿಂತದ್ದು ಒಂದು ಕಡೆ ಮೂರು ಡಬ್ಬಿ ಕಾಕಂಬಿ, ಇನ್ನೊಂದು ಕಡೆ ನಾಲ್ಕು ಡಬ್ಬಿ ನೀರು ಇದ್ದಾಗ.

ಮಾವ ಕೋಲಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟರು, ಅದು ಮತ್ತೆ ಸಮಕ್ಕೇ ಬಂತು. ಆದರೆ ಸೋಲುವ ಮನುಷ್ಯ ಅವರಲ್ಲ, ಮತ್ತು ಅವರ ಮುಂದಿನ ಪ್ರಶ್ನೆ ಚೆನ್ನಾಗಿಯೇ ಇತ್ತು.

"ಆತು. ಭಾರ ಐತಿ. ಭಾರ ಎತ್ತಾಗ ಹೋಗ್ತೈತಿ? ನೆಲಕ್ಕ. ಟಾಕಿ ಕಲ್ಲಮ್ಯಾಲ ಕುಂತಿತ್ತು. ತಳ ಒಡದಿದ್ರ ನಾ ಬಿಲ್ಕುಲ್ ಒಪ್ಪತಿದ್ದೆ. ಒಡದದ್ದು ಬಾಜೂಕ! ಭಾರ ಬಾಜೂಕ ಹೆಂಗ ಹೋಗ್ತೈತಿ?"

"ಜ್ವಾಳದ ಚೀಲ ನಿಲ್ಲಿಸಿದ್ರ ಕೆಳಗ ಹೊಟ್ಟಿ ಬರತೈತಲ್ರಿ" ಎಂದೆ.

"ಚೀಲ ಅರಿವಿ. ಇದು ತಗಡು."

ಗಂಡ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅರ್ಧ ಗಂಟೆಯಲ್ಲಿ ಹರಿದ ಸೈಕಲ್ ಟ್ಯೂಬಿನ ತುಂಡು ಹಿಡಿದು ಬಂದ. ಮೂರು ಗೇಣು ಉದ್ದದ ತಗಡಿನ ಕೊಳವೆ ಮಾಡಿ, ತಳ ಮುಚ್ಚಿ, ಬುಡದ ಬದಿಯಲ್ಲಿ ರೂಪಾಯಿ ಬಿಲ್ಲೆಯಗಲದ ಕಿಟಕಿ ಕೊರೆದು, ಅದಕ್ಕೆ ಟ್ಯೂಬಿನ ರಬ್ಬರು ಬಿಗಿದು ಕಟ್ಟಿದ. ಎಣ್ಣೆ ತುಂಬಿದರೆ ರಬ್ಬರು ತುಸು ಉಬ್ಬಿತು. ಎಣ್ಣೆ ಚೆಲ್ಲಿ ಅಷ್ಟೇ ಎತ್ತರ ನೀರು ತುಂಬಿದಾಗ ಒಂದು ಕೂದಲೆಳೆಯಷ್ಟು ಹೆಚ್ಚು. ಕಾಕಂಬಿ ತುಂಬಿದಾಗ ನೋಡನೋಡುತ್ತಿದ್ದಂತೆ ಉಬ್ಬಿ, ಎಷ್ಟು ಉಬ್ಬಿತೆಂದು ತಿಳಿಯಲು ಅವನು ಪಕ್ಕದಲ್ಲಿ ಊರಿದ್ದ ಕಡ್ಡಿಯ ಗುರುತನ್ನು ದಾಟಿ ಹೊರಗೆ ಬಂತು. ಪೂರಿ ಉಬ್ಬಿದ ಹಾಗೆ.

"ಬಾಜೂಕೂ ದೂಡತೈತಿ," ಎಂದ ನನ್ನ ಗಂಡ. ಆ ದಿನ ಅವನು ಆಡಿದ ಮೊದಲ ಮಾತು ಅದು.

ಆಮೇಲೆ ಕೊಳವೆಯ ಮೇಲೆ ಇನ್ನೊಂದು ತುಂಡು ಸಿಕ್ಕಿಸಿ ನೀರನ್ನು ಮೇಲಕ್ಕೇರಿಸುತ್ತ ಹೋದ. ನೀರು ಏರಿದಂತೆ ರಬ್ಬರೂ ಉಬ್ಬುತ್ತ ಬಂತು. ಮೂರು ಗೇಣು ಕಾಕಂಬಿಗೆ ಉಬ್ಬಿದಷ್ಟೇ ಉಬ್ಬಲು ನೀರು ನಾಲ್ಕು ಗೇಣು ಬೇಕಾಯಿತು. ಕೋಲಿನ ತಕ್ಕಡಿ ಹೇಳಿದ ಲೆಕ್ಕವೇ ಅದು! ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು, ಮಾವನ ಎದುರು ಎಂದು ಸುಮ್ಮನಿದ್ದೆ. ಇದಕ್ಕೆಲ್ಲ ಸಾಂದ್ರತೆ, ಒತ್ತಡ ಎಂಬ ಹೆಸರುಗಳಿವೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಮೊಮ್ಮಗಳು ಶಾಲೆಯ ಪಾಠ ಗಟ್ಟಿಯಾಗಿ ಓದುತ್ತಿದ್ದಾಗ.

"ಹಂಗಾರ ಟಾಕಿಗೂ ನೀರು ಒಂದು ಮೊಳ ಮ್ಯಾಲ ಏರಿಸಿದ್ರ?" ಎಂದೆ. "ಮೂರು ಮೊಳದ ಟಾಕಿ, ನಾಕು ಮೊಳ ನೀರು. ಕಾಕಂಬಿ ತುಂಬದನ ಕಾಕಂಬಿ ಪರೀಕ್ಷಾ ಆಗ್ತೈತಿ."

"ಒಂದು ಮೊಳ ಟಾಕಿ ಎತ್ತರ ಮಾಡಾಕ ತಗಡು ಎಲ್ಲೈತಿ?" ಎಂದರು ಮಾವ.

"ಇಷ್ಟು ಸಣ್ಣ ಕೊಳವಿ ಸಾಕು," ಎಂದು ಗಂಡ ಎರಡು ಬೆರಳು ತೋರಿಸಿದ. ರಬ್ಬರಿನ ಕಿಟಕಿಯ ಮುಂದೆ ಕೂತು ಅವನು ಅದನ್ನೂ ನೋಡಿಕೊಂಡಿದ್ದ. ಮೇಲೆ ಸಿಕ್ಕಿಸಿದ ತುಂಡು ತೆಳ್ಳಗಿದ್ದರೂ ದಪ್ಪಗಿದ್ದರೂ ರಬ್ಬರು ಅಷ್ಟೇ ಉಬ್ಬುತ್ತಿತ್ತು.

ಮಾವ ಈಗ ಗಟ್ಟಿಯಾಗಿ ನಕ್ಕರು. "ಎರಡು ಬಳ್ಳಿನ ಕೊಳವ್ಯಾಗ ಒಂದು ಚರಗಿ ನೀರು ಹಿಡಿಯಂಗಿಲ್ಲ. ಹದಿನೈದು ಕೊಡ ನೀರು ತಡದು ನಿಂತ ಟಾಕಿ ಒಂದು ಚರಗಿ ನೀರಿಗೆ ಒಡೀತೈತೇನು? ಒಡದ್ರ ಈ ಮೀಸಿ ತಗಸ್ತೀನಿ, ಹೋಗ್ರಿ!"

ಮರುದಿನ ಟಾಕಿಯ ಬಾಯಿಗೆ ತಗಡು ಬೆಸೆದು ಮುಚ್ಚಿ, ಅದರ ನಡುವೆ ಒಂದು ಮೊಳದ ತೆಳ್ಳಗಿನ ಕೊಳವೆ ನಿಲ್ಲಿಸಿದರು. ಅದನ್ನು ನೋಡಿದವರು ಟಾಕಿಗೆ ಜುಟ್ಟು ಬಂದಿದೆ ಎಂದು ನಕ್ಕರು. ಟಾಕಿ ಏನಾಯಿತು ಎಂದು ಕೇಳಲು ಗೌಡತಿಯೂ ಅದೇ ಹೊತ್ತಿಗೆ ಬಂದಳು. ವಿಷಯ ಕೇಳಿ ಬಂಡಿಯ ಎತ್ತು ಬಿಚ್ಚಿಸಿಯೇಬಿಟ್ಟಳು. "ಇದನ್ನ ಬಿಟ್ಟು ನಾ ಎಲ್ಲೀ ಹೋಗಾಕಿಲ್ಲ."

ಟಾಕಿಯಲ್ಲಿ ನೀರು ತುಂಬಿತ್ತು. ನಾನು ಒರಳಿನ ಮೇಲೆ ಹತ್ತಿ ನಿಂತೆ, ಗಂಡ ಲಾಳಿಕೆ ಹಿಡಿದ. ಮಾವ ಟಾಕಿಯ ಬುಡಕ್ಕೇ ಚಕ್ಕಳಮಕ್ಕಳ ಹಾಕಿ ಕೂತರು, ತಮ್ಮ ಬೆಸುಗೆಯನ್ನು ಕಣ್ಣಾರೆ ಕಾಯುತ್ತ. ನಾನು ಚರಗಿಯನ್ನು ನಿಧಾನ ಬಗ್ಗಿಸಿದೆ. ಕೊಳವೆಯೊಳಗೆ ನೀರು ಗುಳುಗುಳು ಎನ್ನುತ್ತ ಏರಿತು. ಒಂದು ಗೇಣು ಏರಿದಾಗ ಟಾಕಿ ಟಣ್ ಎಂದಿತು.

"ಏನದು?" ಎಂದಳು ಗೌಡತಿ.

"ತಗಡು ಮೈಮುರದೈತಿ, ಮತ್ತೇನಿಲ್ಲ" ಎಂದರು ಮಾವ. ಆದರೆ ಟಾಕಿಯ ಬುಡಕ್ಕೆ ಹೊಟ್ಟೆ ಬರುತ್ತಿದ್ದುದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ಇನ್ನಷ್ಟು ಬಗ್ಗಿಸಿದೆ. ಕೊಳವೆ ತುಂಬಿತು. ಚರಗಿಯಲ್ಲಿ ಇನ್ನೂ ತುಸು ನೀರು ಉಳಿದಿತ್ತು. ಕಾಗೆಯೊಂದು ಬಂದು ಗೋಡೆಯ ಮೇಲೆ ಕೂತು ಹಾರಿಹೋಯಿತು. ಮಾವ ಗೆದ್ದೆ ಎನ್ನುವಂತೆ ತಲೆಯೆತ್ತಿ ನನ್ನ ಕಡೆ ನೋಡಿದರು, ಮೀಸೆಗೆ ಕೈ ಹಾಕಿದರು.

ಚುರ್ ಎಂದು ಒಂದು ಸದ್ದು. ಬೆಸುಗೆ ಬಾಯಿ ಬಿಟ್ಟಿತು. ಮೊದಲು ಒಡೆದಿದ್ದ ಜಾಗದಿಂದ ನಾಲ್ಕು ಬೆರಳು ಆಚೆ, ಅಷ್ಟೇ ಎತ್ತರದಲ್ಲಿ. ನೀರು ಕೆಳಗೆ ಬೀಳಲಿಲ್ಲ, ಕೋಲಿನಂತೆ ನೆಟ್ಟಗೆ ಬದಿಗೆ ಚಿಮ್ಮಿ ಮಾವನ ಎದೆಗೆ, ಮುಖಕ್ಕೆ, ತೆರೆದ ಬಾಯಿಗೆ ಬಡಿಯಿತು. ಅವರು ಎದ್ದು ಓಡಬೇಕೋ ಕೈ ಅಡ್ಡ ಹಿಡಿಯಬೇಕೋ ತಿಳಿಯದೆ ಎರಡನ್ನೂ ಮಾಡಲು ಹೋಗಿ ಬೂದಿಯಲ್ಲಿ ಜಾರಿ ಕೂತರು. ಬಿಳಿ ಮೀಸೆಯಿಂದ ಬೂದಿಯ ನೀರು ತೊಟ್ಟಿಕ್ಕುತ್ತಿತ್ತು.

ಬೈಯುತ್ತಾರೆ ಎಂದುಕೊಂಡೆ. ಮಾವ ಮುಖ ಒರೆಸಿಕೊಂಡು, ಚಿಮ್ಮುವ ನೀರಿನ ಮುಂದೆ ಅಂಗೈ ಹಿಡಿದು, ಅದು ದೂಡುವುದನ್ನು ಸ್ವಲ್ಪ ಹೊತ್ತು ನೋಡಿದರು. ನೋಡುತ್ತ ನೋಡುತ್ತ ಹೊಟ್ಟೆ ಕುಲುಕಿಸಿ ನಗತೊಡಗಿದರು.

"ಬಾಜೂಕೂ ದೂಡತೈತಿ! ಖರೇನ ದೂಡತೈತಿ ನೋಡ್ರೆಪಾ!"

ಗೌಡತಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. "ಮೀಸಿ?" ಎಂದು ಕೇಳಿದಳು.

"ಹೇಳೀನಲ್ರಿ. ಇವತ್ತ ತಗಸ್ತೀನಿ."

"ಬ್ಯಾಡ್ರಿಯಪ್ಪಾ. ಅದನ್ನ ತಗದ್ರ ನಿಮ್ಮನ್ನ ಗುರುತ ಹಿಡಿಯೋದು ಹೆಂಗ? ಮೀಸಿ ಇರಲಿ. ನನಗ ಒಡೀದಂಥಾ ಟಾಕಿ ಮಾಡಿಕೊಡ್ರಿ."

ಮೀಸೆ ಉಳಿಯಿತು. ಅಂದು ಮಧ್ಯಾಹ್ನ ಅವಳಿಗೂ ನಮ್ಮಲ್ಲೇ ಊಟ. ಅವಳದೇ ಕಾಕಂಬಿ, ನನ್ನ ರೊಟ್ಟಿ. ಮಾವ ಅರೆಹೊಟ್ಟೆ ಉಂಡ ಆ ಎರಡು ದಿನದ ಹಸಿವನ್ನೂ ಸೇರಿಸಿ ಉಂಡರು. ಉಣ್ಣುವಾಗಲೇ ಹೊಸ ಟಾಕಿಯ ಮಾತು ನಡೆಯಿತು. ಒತ್ತು ಬೀಳುವುದು ಎತ್ತರದಿಂದ ಎಂದ ಮೇಲೆ ಎತ್ತರ ಯಾಕೆ ಬೇಕು? ಇದೇ ಟಾಕಿಯನ್ನು ಬಿಚ್ಚಿ, ಕಡಿಮೆ ಬಿದ್ದ ತಗಡಿಗೆ ಇನ್ನಷ್ಟು ಖಾಲಿ ಡಬ್ಬಿ ಕೂಡಿಸಿ, ಒಂದು ಮೂರು ಮೊಳದ್ದರ ಬದಲು ಎರಡೆರಡು ಮೊಳದ ಎರಡು ಗಿಡ್ಡ ಟಾಕಿ ಮಾಡೋಣ ಎಂದು ಗಂಡ ಹೇಳಿದ. ಬುಡದ ಮಡಿಕೆಯನ್ನು ದುಪ್ಪಟ್ಟು ಮಾಡುತ್ತೇನೆ ಎಂದರು ಮಾವ. ಬಂಡಿಯ ಗಾಲಿಗೆ ಹಾಕುವಂತೆ ಕಬ್ಬಿಣದ ಪಟ್ಟಿ ಬಿಗಿದರೆ, ಎಂದೆ ನಾನು. "ಕೆಳಗ ಹತ್ತ್ಹತ್ರ, ಮ್ಯಾಲ ದೂರ ದೂರ. ಮ್ಯಾಲ ಅಷ್ಟು ದೂಡಂಗಿಲ್ಲಲ್ರಿ." ಮಾವ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ಹಂಗ ಮಾಡೋಣು" ಎಂದರು. ಅಷ್ಟೇ. ಆದರೆ ಸೊಸೆಯ ಮಾತಿಗೆ ಆ ಮನೆಯಲ್ಲಿ ಹೂಂ ಎಂದದ್ದು ಅದೇ ಮೊದಲು, ನನಗೆ ಆ ದಿನವಿಡೀ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಹೊಸ ಟಾಕಿಗಳಿಗೂ ಜುಟ್ಟಿನ ಕೊಳವೆ ಸಿಕ್ಕಿಸಿ ನೀರೇರಿಸಿ ನೋಡಿದೆವು. ಲೆಕ್ಕಕ್ಕಿಂತ ಒಂದು ಗೇಣು ಹೆಚ್ಚೇ ಏರಿಸಿದೆವು. ಬೂದಿ ಒಣಗಿತ್ತು. ಆಮೇಲೆ ಕೊಳವೆ ಬಿಚ್ಚಿ ಬಾಯಿ ಸರಿಪಡಿಸಿ ಬಂಡಿಗೆ ಏರಿಸಿದರು. ಆಲೆಮನೆಯಲ್ಲಿ ಕಾಕಂಬಿ ತುಂಬುವ ದಿನ ನಾವು ಮೂವರೂ ಹೋಗಿದ್ದೆವು. ಗೌಡತಿ ಉಗ್ರಾಣಕ್ಕೆ ಹೊಸದಾಗಿ ಸಗಣಿ ಸಾರಿಸಿ, ಎರಡೂ ಟಾಕಿಗಳಿಗೆ ಕುಂಕುಮ ಹಚ್ಚಿ ಮಲ್ಲಿಗೆ ಸರ ಹಾಕಿದ್ದಳು. ತುಂಬಿದ ಮೇಲೆ ಎಲ್ಲರೂ ಸುತ್ತ ಕೂತೆವು. ಹೊತ್ತು ಹೋಯಿತು. ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ಅಷ್ಟು ಜನ ಅಷ್ಟು ಆಸಕ್ತಿಯಿಂದ ನೋಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಗೌಡತಿಯೇ ನಳ ತಿರುವಿದಳು. ಕಾಕಂಬಿ ದಪ್ಪನೆಯ ಹಗ್ಗದಂತೆ ಇಳಿದು ಬಟ್ಟಲಲ್ಲಿ ಸುರುಳಿ ಸುತ್ತಿತು. ಆ ಟಾಕಿಗಳು ಎಷ್ಟೋ ಸುಗ್ಗಿ ಬಾಳಿದವು. ಕುಕನೂರು, ಯಲಬುರ್ಗಿ, ಕುಷ್ಟಗಿಯಿಂದ ಬಂದವರೂ ಅವನ್ನು ನೋಡಿ ನಮ್ಮ ಮನೆ ಹುಡುಕಿಕೊಂಡು ಬಂದರು.

ಆ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮಾವ ಕೆಲಸದ ಜಾಗದಿಂದಲೇ ನನ್ನನ್ನು ಕರೆದರು. ಹೋದರೆ ಕಾದ ಬೆಸುಗೆ ಕಬ್ಬಿಣದ ಹಿಡಿಯನ್ನು ನನ್ನ ಕಡೆ ಚಾಚಿದರು. ನಾನು ಗಂಡನ ಮುಖ ನೋಡಿದೆ. ಅವನು ತಲೆ ಬಗ್ಗಿಸಿ ತಗಡು ಕತ್ತರಿಸುತ್ತಿದ್ದ, ಕೆನ್ನೆಯಲ್ಲಿ ಮಾತ್ರ ನಗು ಕಾಣುತ್ತಿತ್ತು.

"ಹಿಡಿಯವ್ವಾ," ಎಂದರು ಮಾವ. "ನೋಡೇ ಇಷ್ಟು ತಿಳಕೊಂಡೀ ಅಂದಮ್ಯಾಲ, ಮಾಡಿದ್ರ ಇನ್ನೆಷ್ಟು ತಿಳೀತೀಯೋ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೆ. ನವಸಾಗರದ ಹೊಗೆ ಕಣ್ಣಿಗೆ ಹೋಗಿ ನೀರು ಸುರಿಯಿತು, ತವರ ಒಂದು ಕಡೆ ಗುಡ್ಡೆಯಾಗಿ ಇನ್ನೊಂದು ಕಡೆ ತೆಳ್ಳಗಾಯಿತು. ಸಂಜೆಯ ಹೊತ್ತಿಗೆ ಒಂದು ಸೇರು ಹಿಡಿಯುವ ಡಬ್ಬಿ ತಯಾರಾಯಿತು. ಬೆಸುಗೆಯ ಗೆರೆ ಎಮ್ಮೆ ನಡೆದ ಹಾದಿಯಂತಿತ್ತು. ಮಾವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಉಗುರಿನಿಂದ ಬಡಿದು ಸದ್ದು ಕೇಳಿದರು, ಬೆರಳಾಡಿಸಿದರು.

"ನೀರಿಗೆ ಅಡ್ಡಿಯಿಲ್ಲ," ಎಂದರು. "ಕಾಕಂಬಿಗೆ ಇನ್ನೂ ಆಗಿಲ್ಲ."

ಕಾಕಂಬಿ ತಡೆಯುವಂಥ ಬೆಸುಗೆ ನನ್ನ ಕೈಗೆ ಬರಲು ಇನ್ನೊಂದು ವರ್ಷವೇ ಹಿಡಿಯಿತು.